ವಿಎಂ ಒಳಗೆ ಇಂಟರ್ನೆಟ್ ಇದೆ, ಆದರೆ ವಿಂಡೋಸ್‌ನಿಂದ ಅದಕ್ಕೆ ಪಿಂಗ್ ಹೋಗ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಎಂಸಿಎ ವಿದ್ಯಾರ್ಥಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು, ಅಂದರೆ ವರ್ಚುವಲ್ ಮೆಷೀನ್ ಅಥವಾ ವಿಎಂ ಓಡಿಸುವ ಸಾಫ್ಟ್‌ವೇರ್) ಉಬುಂಟು ಹಾಕಿಕೊಂಡು ಅದರೊಳಗೆ ಜಾಂಗೋ (ವೆಬ್‌ಸೈಟ್ ಕಟ್ಟುವ ಪೈಥಾನ್ ಫ್ರೇಮ್‌ವರ್ಕ್) ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಉಬುಂಟುವಿನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಆದರೆ ವಿಂಡೋಸ್‌ನಿಂದ ಅದರ ಐಪಿ 10.0.2.15ಕ್ಕೆ ಪಿಂಗ್ (ಆ ಯಂತ್ರ ಸಿಗುತ್ತದೆಯಾ ಅಂತ ನೋಡುವ ಕಮಾಂಡ್) ಮಾಡಿದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಬ್ರೌಸರ್‌ನಲ್ಲೂ ಪ್ರಾಜೆಕ್ಟ್ ತೆರೆಯುವುದಿಲ್ಲ. ಗೆಳೆಯ ಹೇಳಿದ ಅಂತ ವಿಎಂನ ನೆಟ್‌ವರ್ಕ್ ಸೆಟ್ಟಿಂಗ್ ಅನ್ನು ನ್ಯಾಟ್‌ನಿಂದ ಬ್ರಿಡ್ಜ್ ಮೋಡ್‌ಗೆ ಬದಲಿಸಿದೆ. ಮನೆಯಲ್ಲಿ ವಿಂಡೋಸ್‌ನಿಂದ ಉಬುಂಟುಗೆ ಪಿಂಗ್ ಹೋಯಿತು, ಉಬುಂಟುವಿನಿಂದ ವಿಂಡೋಸ್‌ಗೆ ಹೋಗಲಿಲ್ಲ. ಕಾಲೇಜಿನ ವೈಫೈನಲ್ಲಂತೂ ಉಬುಂಟುಗೆ ಇಂಟರ್ನೆಟ್ಟೇ ಬರಲಿಲ್ಲ. ಮತ್ತೆ ನ್ಯಾಟ್‌ಗೆ ಬಂದಿದ್ದೇನೆ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡಿದೆ, ಉಬುಂಟುವನ್ನು ಎರಡು ಸಲ ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಇನ್ನೇನು ಮಾಡಲಿ? ಜೊತೆಗೆ, ವಿಂಡೋಸ್‌ನಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಉಬುಂಟುವಿನಿಂದ ಕನೆಕ್ಟ್ ಆಗುವುದು ಹೇಗೆ?

ಉತ್ತರ: ಮೊದಲು ಫೈರ್‌ವಾಲ್ ಆನ್ ಮಾಡಿ. ಈಗಲೇ. ಉಳಿದದ್ದು ಆಮೇಲೆ ಓದಿ.

ಮಾಡಿದಿರಾ? ಸರಿ. ನಿಮ್ಮ ಉಬುಂಟು ಕೆಟ್ಟಿಲ್ಲ, ವರ್ಚುವಲ್‌ಬಾಕ್ಸೂ ಕೆಟ್ಟಿಲ್ಲ, ಹತ್ತು ಸಲ ಹೊಸದಾಗಿ ಹಾಕಿದರೂ ಇದೇ ಆಗುತ್ತದೆ. ನೀವು ನೋಡುತ್ತಿರುವುದು ದೋಷ ಅಲ್ಲ, ನ್ಯಾಟ್ ಇರುವುದೇ ಹಾಗೆ. ವಿಎಂ ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವ ಹಾಗಿಲ್ಲ. ಇಲ್ಲಿ ಹೊರಗಿನವರು ಅಂದರೆ ನಿಮ್ಮ ವಿಂಡೋಸ್ ಕೂಡ ಸೇರಿತು, ಎಲ್ಲರೂ ಎಡವುವುದು ಅಲ್ಲೇ. ವಿಎಂ ನನ್ನ ಲ್ಯಾಪ್‌ಟಾಪ್ ಒಳಗೇ ಓಡುತ್ತಿದೆ, ಅದರ ಕಿಟಕಿ ನನ್ನ ಕಣ್ಣ ಮುಂದೆಯೇ ಇದೆ, ಅಂದಮೇಲೆ ನನ್ನ ವಿಂಡೋಸ್‌ಗೆ ಅದು ಸಿಗಲೇಬೇಕು ಅಂತ ಅನಿಸುತ್ತದೆ ಅಲ್ವಾ? ನೆಟ್‌ವರ್ಕ್‌ಗೆ ಆ ಲೆಕ್ಕ ಇಲ್ಲ. ಅದು ದಾರಿ ಇದೆಯಾ ಇಲ್ಲವಾ ಅಂತ ಮಾತ್ರ ನೋಡುತ್ತದೆ.

ಈ 10.0.2.15 ಎಂಬ ವಿಳಾಸ ನಿಮಗೊಬ್ಬರಿಗೆ ಸಿಕ್ಕಿದ್ದಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲ ಅಡಾಪ್ಟರ್ ನ್ಯಾಟ್ ಆಗಿರುವ ಯಾವ ವಿಎಂ ತೆರೆದರೂ ಸಾಮಾನ್ಯವಾಗಿ ಇದೇ ಐಪಿ. ಗೇಟ್‌ವೇ (ಹೊರಗೆ ಹೋಗುವ ದಾರಿ) 10.0.2.2, ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ಸರ್ವರ್) 10.0.2.3. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ವಿಎಂ ಓಡಿಸಿ, ಮೂರಕ್ಕೂ 10.0.2.15 ಬರುತ್ತದೆ, ಯಾಕೆಂದರೆ ಪ್ರತಿ ವಿಎಂಗೂ ಅದರದ್ದೇ ಪ್ರತ್ಯೇಕ ಪುಟ್ಟ ನೆಟ್‌ವರ್ಕ್. ಇದು ಪತ್ರದ ಮೇಲೆ ‘ನಡುಮನೆ’ ಅಂತ ವಿಳಾಸ ಬರೆದ ಹಾಗೆ. ಪ್ರತಿ ಮನೆಯಲ್ಲೂ ಒಂದು ನಡುಮನೆ ಇದೆ. ಮನೆಯೊಳಗೆ ನಿಂತು ‘ನಡುಮನೇಲಿ ಇದ್ದೀನಿ’ ಅಂದರೆ ಅರ್ಥ ಇದೆ, ಬೀದಿಯಲ್ಲಿ ನಿಂತು ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರೆ ಅವನೇನು ಮಾಡಬೇಕು?

ಅವನು ಏನು ಮಾಡುತ್ತಾನೆ ಅಂತ ನೀವೇ ನೋಡಬಹುದು. ಮನೆಯಲ್ಲಿರುವಾಗ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ‘ಟ್ರೇಸರ್ಟ್’ ಕಮಾಂಡ್ ಕೊಟ್ಟು ಮುಂದೆ 10.0.2.15 ಅಂತ ಹಾಕಿ. ಮೊದಲ ಸಾಲಿನಲ್ಲಿ ನಿಮ್ಮ ಮನೆಯ ರೂಟರ್ ಐಪಿ ಬರುತ್ತದೆ. ಜಿಯೋಫೈಬರ್ ಇದ್ದರೆ 192.168.29.1, ಬೇರೆಯವರ ಮನೆಗಳಲ್ಲಿ 192.168.1.1 ಅಥವಾ 192.168.0.1 ಇರಬಹುದು. ಆಮೇಲೆ ಸಾಮಾನ್ಯವಾಗಿ ಬರೀ ನಕ್ಷತ್ರ ಚಿಹ್ನೆಗಳು. ಅಂದರೆ ನಿಮ್ಮ ತೊಡೆಯ ಮೇಲಿನ ಲ್ಯಾಪ್‌ಟಾಪ್ ಒಳಗೇ ಇರುವ ವಿಎಂ ಹುಡುಕಲು ಪ್ಯಾಕೆಟ್ ಲ್ಯಾಪ್‌ಟಾಪ್ ಬಿಟ್ಟು, ಹಾಲ್‌ನಲ್ಲಿರುವ ರೂಟರ್‌ಗೆ ಹೋಗಿ, ‘10.0.2.15 ಎಲ್ಲಿದೆ ಸ್ವಾಮಿ?’ ಅಂತ ಕೇಳುತ್ತಿದೆ. ವಿಂಡೋಸ್‌ಗೆ ಆ ವಿಳಾಸದ ದಾರಿ ಗೊತ್ತಿಲ್ಲ, ಗೊತ್ತಿಲ್ಲದ್ದನ್ನೆಲ್ಲ ಅದು ಗೇಟ್‌ವೇಗೆ ದಾಟಿಸುತ್ತದೆ. ಫೈರ್‌ವಾಲ್ ಆಫ್ ಮಾಡಿದರೂ ಏನೂ ಬದಲಾಗದ್ದು ಇದಕ್ಕೇ. ಪ್ಯಾಕೆಟ್ ಯಾವ ಬಾಗಿಲಿಗೂ ಬಂದೇ ಇಲ್ಲ, ಬಾಗಿಲು ತೆಗೆದಿಟ್ಟರೆ ಏನು ಪ್ರಯೋಜನ?

ಇಲ್ಲಿ ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ‘ನ್ಯಾಟ್ ಇದ್ದರೂ ನನಗೆ ಪಿಂಗ್ ಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಬಹುಶಃ ವಿಎಂವೇರ್ ಎಂಬ ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದಾರೆ. ಅದರಲ್ಲಿ ನ್ಯಾಟ್ ನೆಟ್‌ವರ್ಕ್‌ಗೆ ಹೋಸ್ಟ್ ಕಂಪ್ಯೂಟರ್ (ವಿಎಂ ಓಡಿಸುತ್ತಿರುವ ಯಂತ್ರ) ಕೂಡ ಒಂದು ಕಾಲು ಇಟ್ಟಿರುತ್ತದೆ. ವಿಎಂನೆಟ್8 ಅಂತ ಒಂದು ಅಡಾಪ್ಟರ್ ವಿಂಡೋಸ್‌ನಲ್ಲೇ ಕಾಣುತ್ತದೆ, ಹಾಗಾಗಿ ನೇರ ದಾರಿ ಇದೆ. ಲಿನಕ್ಸ್‌ನ ಕೆವಿಎಂನಲ್ಲೂ ಹಾಗೆಯೇ, 192.168.122.1 ಅಂತ ಹೋಸ್ಟ್ ಕೂತಿರುತ್ತದೆ. ಹೆಸರು ಒಂದೇ, ನಡವಳಿಕೆ ಬೇರೆ. ಯೂಟ್ಯೂಬ್ ವಿಡಿಯೋ ನೋಡಿ ಮಾಡುವಾಗ ಅದು ಯಾವ ಸಾಫ್ಟ್‌ವೇರ್‌ದು ಅಂತ ಮೊದಲು ನೋಡಿ.

ಈಗ ಪರಿಹಾರ. ಯಾವ ಮೋಡ್ ಒಳ್ಳೆಯದು ಅಂತ ಯೋಚಿಸಲು ಹೋಗಬೇಡಿ. ಯಾರು ಯಾರನ್ನು ಮಾತಾಡಿಸಬೇಕು ಅಂತ ಕೇಳಿಕೊಳ್ಳಿ. ನಿಮ್ಮ ವಿಷಯದಲ್ಲಿ ಉಬುಂಟುಗೆ ಇಂಟರ್ನೆಟ್ ಬೇಕು, ವಿಂಡೋಸ್ ಬ್ರೌಸರ್‌ಗೆ ಉಬುಂಟು ಸಿಗಬೇಕು, ಉಬುಂಟುಗೆ ವಿಂಡೋಸ್‌ನ ಮೈಎಸ್‌ಕ್ಯೂಎಲ್ ಸಿಗಬೇಕು. ಬೀದಿಯವರಿಗೆ, ಅಂದರೆ ವೈಫೈನಲ್ಲಿರುವ ಬೇರೆ ಯಾರಿಗೂ ಏನೂ ಸಿಗಬೇಕಾಗಿಲ್ಲ. ಇದಕ್ಕೆ ಎರಡು ದಾರಿ ಇದೆ.

ಐದು ನಿಮಿಷದ ದಾರಿ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಅಂದರೆ ಒಂದು ಯಂತ್ರದ ನಂಬರ್ ಹಾಕಿದ ಬಾಗಿಲು. ವಿಎಂ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅಲ್ಲಿ ಅಡಾಪ್ಟರ್ 1, ನ್ಯಾಟ್ ಹಾಗೇ ಇರಲಿ, ಅದರ ಕೆಳಗೇ ‘ಪೋರ್ಟ್ ಫಾರ್ವರ್ಡಿಂಗ್’ ಬಟನ್ ಸಿಗುತ್ತದೆ. ಹಳೆ ಆವೃತ್ತಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿದ ಮೇಲೆ ಕಾಣುತ್ತದೆ. ವಿಎಂ ಆಫ್ ಮಾಡಬೇಕಾಗಿಲ್ಲ, ಓಡುತ್ತಿರುವಾಗಲೇ ಸೇರಿಸಬಹುದು. ಹೊಸ ಸಾಲು ಸೇರಿಸಿ: ಪ್ರೋಟೋಕಾಲ್ ಟಿಸಿಪಿ, ಹೋಸ್ಟ್ ಐಪಿ 127.0.0.1, ಹೋಸ್ಟ್ ಪೋರ್ಟ್ 8080, ಗೆಸ್ಟ್ ಐಪಿ ಖಾಲಿ ಬಿಡಿ, ಗೆಸ್ಟ್ ಪೋರ್ಟ್ 8000. ಇಲ್ಲಿ ಹೋಸ್ಟ್ ಅಂದರೆ ವಿಂಡೋಸ್, ಗೆಸ್ಟ್ ಅಂದರೆ ಉಬುಂಟು. ಹೋಸ್ಟ್ ಐಪಿ ಖಾಲಿ ಬಿಟ್ಟರೂ ಕೆಲಸ ಮಾಡುತ್ತದೆ, ಆದರೆ ಆಗ ಅದೇ ವೈಫೈನಲ್ಲಿರುವ ಬೇರೆಯವರಿಗೂ ಆ ಪೋರ್ಟ್ ತೆರೆದಿಟ್ಟ ಹಾಗೆ. ಕಾಲೇಜಿನಲ್ಲಿ ಬೇಡ.

ಇನ್ನು ಮೇಲೆ ವಿಂಡೋಸ್ ಬ್ರೌಸರ್‌ನಲ್ಲಿ 10.0.2.15 ಅನ್ನು ಮರೆತುಬಿಡಿ. 127.0.0.1:8080 ಅಂತ ಹಾಕಿ. ವಿಂಡೋಸ್‌ನ 8080ಕ್ಕೆ ಬಂದದ್ದನ್ನು ವರ್ಚುವಲ್‌ಬಾಕ್ಸ್ ಎತ್ತಿಕೊಂಡು ಉಬುಂಟುವಿನ 8000ಕ್ಕೆ ಕೊಡುತ್ತದೆ. ಆದರೆ ನೆನಪಿಡಿ, ಪಿಂಗ್ ಮಾತ್ರ ಈಗಲೂ ಹೋಗುವುದಿಲ್ಲ, ಹೋಗುವುದೂ ಬೇಡ. ಪಿಂಗ್‌ಗೆ ಪೋರ್ಟ್ ಎಂಬುದೇ ಇಲ್ಲ, ಫಾರ್ವರ್ಡ್ ಮಾಡುವುದು ಏನನ್ನು? ಪಿಂಗ್ ಹೋಗುವವರೆಗೂ ಬ್ರೌಸರ್ ತೆರೆದೇ ನೋಡದೆ ಗಂಟೆಗಟ್ಟಲೆ ಕೂತವರನ್ನು ಕಂಡಿದ್ದೇನೆ.

ಇಷ್ಟು ಮಾಡಿದ ಮೇಲೂ ನಿಮಗೆ ಪೇಜ್ ಬರುವುದಿಲ್ಲ. ಶಾಪ ಹಾಕುತ್ತಿಲ್ಲ, ಹತ್ತರಲ್ಲಿ ಎಂಟು ಜನರಿಗೆ ಬರುವುದಿಲ್ಲ ಅಂತ ನನ್ನ ಅನುಭವ. ಬ್ರೌಸರ್ ‘ಎಂಪ್ಟಿ ರೆಸ್ಪಾನ್ಸ್’ ಅಥವಾ ‘ಕನೆಕ್ಷನ್ ರೀಸೆಟ್’ ಅನ್ನುತ್ತದೆ. ಆಗ ಉಬುಂಟುವಿನ ಟರ್ಮಿನಲ್ ಕಡೆ ನೋಡಿ. ಜಾಂಗೋ ಶುರುವಾದಾಗ ಒಂದು ಸಾಲು ಬರೆದಿರುತ್ತದೆ, ಡೆವಲಪ್‌ಮೆಂಟ್ ಸರ್ವರ್ ಶುರುವಾಗಿದೆ ಅಂತ ಹೇಳಿ ಪಕ್ಕದಲ್ಲಿ 127.0.0.1:8000. ಆ ಸಾಲನ್ನು ನಾವೆಲ್ಲ ದಿನಾ ನೋಡುತ್ತೇವೆ, ಯಾರೂ ಓದುವುದಿಲ್ಲ. ಅದು ಹೇಳುತ್ತಿರುವುದು ಇಷ್ಟು: ನಾನು ಉಬುಂಟುವಿನ ಒಳಗಿನವರ ಮಾತು ಮಾತ್ರ ಕೇಳಿಸಿಕೊಳ್ಳುತ್ತೇನೆ. 127.0.0.1 ಅಂದರೆ ಯಾವ ಯಂತ್ರದಲ್ಲಿ ಬರೆದಿದೆಯೋ ಆ ಯಂತ್ರವೇ. ವಿಂಡೋಸ್‌ನ 127.0.0.1 ಬೇರೆ, ಉಬುಂಟುವಿನ 127.0.0.1 ಬೇರೆ. ವರ್ಚುವಲ್‌ಬಾಕ್ಸ್ ತಂದುಕೊಟ್ಟ ಕನೆಕ್ಷನ್ ಉಬುಂಟುವಿನ ನೆಟ್‌ವರ್ಕ್ ಕಾರ್ಡ್ ಮೂಲಕ 10.0.2.15ಕ್ಕೆ ಬರುತ್ತದೆ, ಆ ವಿಳಾಸದಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ.

ತಮಾಷೆ ಏನೆಂದರೆ, ಇಂಥ ಹೊತ್ತಲ್ಲಿ ವಿಂಡೋಸ್‌ನಿಂದ ಪೋರ್ಟ್ ಪರೀಕ್ಷೆ ಮಾಡಿದರೆ ಪಾಸ್ ಆಗುತ್ತದೆ! ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ 8080 ತೆರೆದಿದೆ ಅಂತ ‘ಟ್ರೂ’ ತೋರಿಸುತ್ತದೆ. ಕಾರಣ, 8080ರಲ್ಲಿ ಮೊದಲು ಬಾಗಿಲು ತೆಗೆಯುವುದು ವರ್ಚುವಲ್‌ಬಾಕ್ಸ್ ತಾನೇ. ಕನೆಕ್ಷನ್ ತೆಗೆದುಕೊಂಡ ಮೇಲೆ ಅದು ಉಬುಂಟು ಕಡೆ ಹೋಗಿ ಕೇಳುತ್ತದೆ, ಅಲ್ಲಿ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಇತ್ತ ಬಾಗಿಲು ಮುಚ್ಚುತ್ತದೆ. ನಾನೇ ಒಮ್ಮೆ ಒಂದು ಇಡೀ ಸಂಜೆ ಇದರಲ್ಲಿ ಕಳೆದಿದ್ದೇನೆ. ಪೋರ್ಟ್ ತೆರೆದಿದೆ ಅಂತ ತೋರಿಸುತ್ತಿದೆ, ಹಾಗಾದರೆ ನೆಟ್‌ವರ್ಕ್ ಸರಿ ಇದೆ, ತಪ್ಪು ನನ್ನ ಕೋಡ್‌ನಲ್ಲೇ ಇರಬೇಕು ಅಂತ ಕೋಡ್ ಸಾಲು ಸಾಲು ಕೆದಕುತ್ತಾ ಕೂತೆ. ರಾತ್ರಿ ಹತ್ತೂವರೆಗೆ, ಊಟಕ್ಕೆ ಮೂರನೇ ಸಲ ಕರೆದು ಮನೆಯವರ ದನಿ ಏರಿದ ಮೇಲೆ, ಆ 127.0.0.1 ಕಣ್ಣಿಗೆ ಬಿತ್ತು.

ಪರಿಹಾರ ಸುಲಭ. ಜಾಂಗೋ ಶುರು ಮಾಡುವ ರನ್‌ಸರ್ವರ್ ಕಮಾಂಡ್ ಕೊನೆಯಲ್ಲಿ 0.0.0.0:8000 ಅಂತ ಸೇರಿಸಿ. ಎಲ್ಲ ಅಡಾಪ್ಟರ್‌ಗಳಿಂದ ಬಂದದ್ದನ್ನೂ ಕೇಳಿಸಿಕೋ ಅಂತ ಅರ್ಥ. ನಿಜವಾಗಿ ಆಯಿತಾ ಅಂತ ನೋಡಲು ಉಬುಂಟುವಿನಲ್ಲಿ ‘ಎಸ್‌ಎಸ್’ ಕಮಾಂಡ್‌ಗೆ ಅಡ್ಡಗೆರೆ ಹಾಕಿ ಟಿ, ಎಲ್, ಎನ್ ಅಕ್ಷರ ಸೇರಿಸಿ ಓಡಿಸಿ. 8000 ಇರುವ ಸಾಲಿನಲ್ಲಿ ಅದರ ಹಿಂದೆ 0.0.0.0 ಇದ್ದರೆ ಸರಿ, 127.0.0.1 ಇದ್ದರೆ ಕಥೆ ಅಲ್ಲೇ ನಿಂತಿದೆ. ಜಾಂಗೋದಂಥ ಬೇರೆ ವೆಬ್ ಟೂಲ್‌ಗಳೂ ಅಷ್ಟೇ, ಫ್ಲಾಸ್ಕ್ 5000ದಲ್ಲಿ, ವೀಟ್ 5173ರಲ್ಲಿ ಇದೇ ರೀತಿ ಒಳಗಿನವರಿಗೆ ಮಾತ್ರ ಕಿವಿ ಕೊಟ್ಟು ಶುರುವಾಗುತ್ತವೆ.

ಪೋರ್ಟ್ ಫಾರ್ವರ್ಡಿಂಗ್ ಚೆನ್ನಾಗಿದೆ, ಆದರೆ ಪ್ರತಿ ಹೊಸ ಪೋರ್ಟ್‌ಗೂ ಒಂದು ಸಾಲು ಬರೆಯುತ್ತಾ ಹೋಗಬೇಕು. ಎಸ್‌ಎಸ್‌ಎಚ್‌ಗೆ (ಬೇರೆ ಯಂತ್ರದಿಂದ ಲಾಗಿನ್ ಆಗಲು) 2222ರಿಂದ 22ಕ್ಕೆ ಒಂದು, ಜಾಂಗೋಗೆ ಒಂದು, ನಾಳೆ ಇನ್ನೇನಕ್ಕೋ ಒಂದು. ನಾನಾದರೆ ನಿಮ್ಮ ಜಾಗದಲ್ಲಿ ಎರಡನೇ ದಾರಿ ಹಿಡಿಯುತ್ತೇನೆ: ನ್ಯಾಟ್ ಹಾಗೇ ಇಟ್ಟುಕೊಂಡು, ಪಕ್ಕದಲ್ಲಿ ಎರಡನೇ ಅಡಾಪ್ಟರ್ ಆಗಿ ಹೋಸ್ಟ್-ಓನ್ಲಿ ಸೇರಿಸುವುದು. ಮೊದಲನೆಯದು ಇಂಟರ್ನೆಟ್‌ಗೆ, ಎರಡನೆಯದು ನಿಮ್ಮಿಬ್ಬರ ನಡುವಿನ ಮಾತಿಗೆ. ಅಡುಗೆಮನೆಗೂ ಊಟದ ಮನೆಗೂ ನಡುವೆ ಕಿಂಡಿ ಇರುತ್ತಲ್ಲ, ಹಾಗೆ.

ವಿಎಂ ಪೂರ್ತಿ ಶಟ್‌ಡೌನ್ ಮಾಡಿ, ‘ಸೇವ್ ಸ್ಟೇಟ್’ ಮಾಡಿದರೆ ಸಾಲದು. ವರ್ಚುವಲ್‌ಬಾಕ್ಸ್‌ನ ಟೂಲ್ಸ್ ಒಳಗೆ ನೆಟ್‌ವರ್ಕ್ ತೆರೆದರೆ ಹೋಸ್ಟ್-ಓನ್ಲಿ ಅಡಾಪ್ಟರ್ ಒಂದು ಇರುತ್ತದೆ, ಐಪಿ 192.168.56.1. ಇಲ್ಲದಿದ್ದರೆ ‘ಕ್ರಿಯೇಟ್’ ಒತ್ತಿ. ಅಲ್ಲೇ ಡಿಎಚ್‌ಸಿಪಿ (ಕೇಳಿದವರಿಗೆ ಐಪಿ ಹಂಚುವ) ಸರ್ವರ್ ಟ್ಯಾಬ್‌ನಲ್ಲಿ ‘ಎನೇಬಲ್’ ಗುರುತು ಇದೆಯಾ ನೋಡಿ. ನಂತರ ವಿಎಂ ಸೆಟ್ಟಿಂಗ್ಸ್‌ನಲ್ಲಿ ಅಡಾಪ್ಟರ್ 2 ಎನೇಬಲ್ ಮಾಡಿ ಹೋಸ್ಟ್-ಓನ್ಲಿ ಆಯ್ಕೆ ಮಾಡಿ. ಉಬುಂಟು ಶುರು ಮಾಡಿ, ಟರ್ಮಿನಲ್‌ನಲ್ಲಿ ‘ಐಪಿ ಎ’ ಕೊಡಿ. ಇಎನ್‌ಪಿ0ಎಸ್3 ಎಂಬುದು ಹಳೆಯ ನ್ಯಾಟ್ ಕಾರ್ಡ್, ಇಎನ್‌ಪಿ0ಎಸ್8 ಎಂಬುದು ಹೊಸದು. ಹೊಸದಕ್ಕೆ 192.168.56.101 ಅಥವಾ ಅಲ್ಲಿಂದ ಮುಂದಿನ ಯಾವುದೋ ಒಂದು ಬಂದಿರಬೇಕು.

ಉಬುಂಟು ಡೆಸ್ಕ್‌ಟಾಪ್ ಆದರೆ ತಾನಾಗೇ ಬರುತ್ತದೆ. ಉಬುಂಟು ಸರ್ವರ್ ಆದರೆ ಬರುವುದಿಲ್ಲ, ಕಾರ್ಡ್ ಸುಮ್ನೆ ಕೂತಿರುತ್ತದೆ. ಅದಕ್ಕೆ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿ ಇಎನ್‌ಪಿ0ಎಸ್8 ಹೆಸರು ಸೇರಿಸಿ ಅದರ ಕೆಳಗೆ ಡಿಎಚ್‌ಸಿಪಿ4 ಟ್ರೂ ಅಂತ ಬರೆಯಬೇಕು. ಅದು ಯಾಮಲ್ ಫೈಲ್, ಟ್ಯಾಬ್ ಒತ್ತಿದರೆ ಮುನಿಸಿಕೊಳ್ಳುತ್ತದೆ, ಸ್ಪೇಸ್ ಮಾತ್ರ. ಬರೆದ ಮೇಲೆ ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತದಿದ್ದರೆ ಹಳೆಯದಕ್ಕೇ ವಾಪಸ್ ಹೋಗುತ್ತದೆ.

ಇಲ್ಲೊಂದು ಗುಂಡಿ ಇದೆ. ಐಪಿ ಪ್ರತಿ ಸಲ ಬದಲಾಗುವುದು ಬೇಡ ಅಂತ ಕೈಯಾರೆ ಹಾಕುವವರು, ಫಾರ್ಮ್‌ನಲ್ಲಿ ಗೇಟ್‌ವೇ ಜಾಗ ಖಾಲಿ ಇದೆಯಲ್ಲಾ ಅಂತ ಅಲ್ಲಿ 192.168.56.1 ತುಂಬುತ್ತಾರೆ. ತುಂಬಿದ ಕೂಡಲೇ ಉಬುಂಟುವಿನ ಇಂಟರ್ನೆಟ್ ಹೋಗುವ ಸಾಧ್ಯತೆ ಜಾಸ್ತಿ. ಹೋಸ್ಟ್-ಓನ್ಲಿ ಅಂದರೆ ಕುರುಡು ಓಣಿ, ಅಲ್ಲಿಂದ ಹೊರಗೆ ದಾರಿ ಇಲ್ಲ. ಗೇಟ್‌ವೇ ಕೊಟ್ಟರೆ ಉಬುಂಟು ಪಾಪ ನಂಬಿಕೊಂಡು ಇಂಟರ್ನೆಟ್ ಪ್ಯಾಕೆಟ್‌ಗಳನ್ನೂ ಆ ಓಣಿಗೇ ಕಳಿಸುತ್ತದೆ. ಗೇಟ್‌ವೇ ಖಾಲಿ ಬಿಡಿ. ಐಪಿ 192.168.56.10 ಕೊಡಿ, ನೆಟ್‌ಮಾಸ್ಕ್ 255.255.255.0. ಡಿಎಚ್‌ಸಿಪಿ ಹಂಚುವುದು 101ರಿಂದ ಮೇಲಕ್ಕೆ, ಹಾಗಾಗಿ 10 ಬೇರೆ ಯಾರಿಗೂ ಹೋಗುವುದಿಲ್ಲ.

ಈಗ ವಿಂಡೋಸ್‌ನಿಂದ 192.168.56.10ಕ್ಕೆ ಪಿಂಗ್ ಮಾಡಿ. ಹೋಗುತ್ತದೆ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ನೀವಾಗಿ ಆನ್ ಮಾಡದಿದ್ದರೆ ಆಫ್ ಇರುತ್ತದೆ, ತಕರಾರು ಮಾಡುವುದಿಲ್ಲ. ಬ್ರೌಸರ್‌ನಲ್ಲಿ 192.168.56.10:8000 ಹಾಕಿದರೆ ಜಾಂಗೋದ ‘400 ಬ್ಯಾಡ್ ರಿಕ್ವೆಸ್ಟ್’, ಡಿಸ್‌ಅಲೌಡ್ ಹೋಸ್ಟ್ ಅಂತ ಬಂದರೆ ಖುಷಿಪಡಿ. ನೆಟ್‌ವರ್ಕ್ ಕೆಲಸ ಮುಗಿಯಿತು, ಈಗ ಮಾತಾಡುತ್ತಿರುವುದು ಜಾಂಗೋ. ಡೀಬಗ್ ಆನ್ ಇರುವಾಗ ಅದು ಲೋಕಲ್‌ಹೋಸ್ಟ್ ಮತ್ತು 127.0.0.1 ಹೆಸರಲ್ಲಿ ಬಂದವರನ್ನು ಬಿಟ್ಟುಕೊಳ್ಳುತ್ತದೆ, ಬೇರೆ ಐಪಿಯಲ್ಲಿ ಬಂದವರನ್ನು ಇಲ್ಲ. ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಈ ತೊಂದರೆ ಬರದೆ ಇಲ್ಲಿ ಬಂದದ್ದು ಅದಕ್ಕೇ. ಸೆಟ್ಟಿಂಗ್ಸ್ ಫೈಲ್‌ನ ‘ಅಲೌಡ್ ಹೋಸ್ಟ್ಸ್’ ಪಟ್ಟಿಗೆ 192.168.56.10 ಸೇರಿಸಿ. ಆ ಪಟ್ಟಿ ಖಾಲಿ ಇರುವಾಗ ಮಾತ್ರ ಆ ಎರಡಕ್ಕೆ ರಿಯಾಯಿತಿ, ಒಂದನ್ನು ಬರೆದ ಮೇಲೆ 127.0.0.1 ಬೇಕಿದ್ದರೆ ಅದನ್ನೂ ಬರೆಯಿರಿ.

ಇನ್ನು ಉಬುಂಟುವಿನಿಂದ ವಿಂಡೋಸ್ ಕಡೆಗೆ. ಬ್ರಿಡ್ಜ್‌ನಲ್ಲಿ ನಿಮಗೆ ಒಂದು ಕಡೆ ಪಿಂಗ್ ಹೋಗಿ ಇನ್ನೊಂದು ಕಡೆ ಹೋಗದ್ದು, ಇಲ್ಲೂ ಹಾಗೇ ಆಗುತ್ತದೆ. ಇದು ಮಾತ್ರ ನಿಜವಾಗಿ ವಿಂಡೋಸ್ ಫೈರ್‌ವಾಲ್ ಕೆಲಸ. ಹೊರಗಿನಿಂದ ಬರುವ ಪಿಂಗ್‌ಗೆ ಅದು ಪಬ್ಲಿಕ್ ನೆಟ್‌ವರ್ಕ್‌ನಲ್ಲಿ ಉತ್ತರ ಕೊಡುವುದಿಲ್ಲ. ಹೋಸ್ಟ್-ಓನ್ಲಿ ಅಡಾಪ್ಟರ್‌ಗೆ ಗೇಟ್‌ವೇ ಇಲ್ಲದ ಕಾರಣ ವಿಂಡೋಸ್ ಅದನ್ನು ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಅಂತ ಕರೆದು ಪಬ್ಲಿಕ್ ಪಟ್ಟಿಗೆ ಹಾಕುತ್ತದೆ. ಮನೆಯೊಳಗಿನ ನೆಂಟನನ್ನೇ ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕ ಅಪರಿಚಿತ ಅಂದ ಹಾಗೆ. ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಇನ್‌ಬೌಂಡ್ ರೂಲ್ಸ್‌ನಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಗುಂಪಿನ ಐಸಿಎಂಪಿವಿ4 ಎಕೋ ರಿಕ್ವೆಸ್ಟ್ (ಅಂದರೆ ಪಿಂಗ್) ರೂಲ್ ಹುಡುಕಿ. ಅದು ಪ್ರೊಫೈಲ್‌ಗೆ ತಕ್ಕಂತೆ ಎರಡು ಮೂರು ಸಲ ಕಾಣುತ್ತದೆ, ಪಬ್ಲಿಕ್ ಅಂತ ಇರುವುದನ್ನು ತೆರೆದು ಸ್ಕೋಪ್ ಟ್ಯಾಬ್‌ನಲ್ಲಿ ರಿಮೋಟ್ ಐಪಿ 192.168.56.0/24 ಮಾತ್ರ ಇಟ್ಟು ಎನೇಬಲ್ ಮಾಡಿ. ಕಿಂಡಿಯಷ್ಟೇ ತೆರೆಯುತ್ತದೆ, ಹೆಬ್ಬಾಗಿಲು ಅಲ್ಲ.

ಇದೇ ಪಟ್ಟಿಯಲ್ಲಿ ಇನ್ನೊಂದು ನೋಡಿ. ಯಾವುದಾದರೂ ಪ್ರೋಗ್ರಾಂ ಮೊದಲ ಸಲ ಪೋರ್ಟ್ ತೆರೆದಾಗ ವಿಂಡೋಸ್ ‘ಅಲೌ ಮಾಡಲಾ?’ ಅಂತ ಕೇಳುತ್ತದೆ, ನಾವು ಅವಸರದಲ್ಲಿ ಕ್ಯಾನ್ಸಲ್ ಒತ್ತುತ್ತೇವೆ. ಆ ಕ್ಯಾನ್ಸಲ್ ಸುಮ್ನೆ ಹೋಗುವುದಿಲ್ಲ, ಆ ಪ್ರೋಗ್ರಾಂ ಹೆಸರಲ್ಲಿ ಒಂದು ಬ್ಲಾಕ್ ರೂಲ್ ಆಗಿ ಕೂರುತ್ತದೆ. ಆಮೇಲೆ ನೀವು ಎಷ್ಟು ಅಲೌ ರೂಲ್ ಬರೆದರೂ ಬ್ಲಾಕ್ ಇರುವಲ್ಲಿ ಬ್ಲಾಕ್‌ನದೇ ಮಾತು ನಡೆಯುತ್ತದೆ. ಕೆಂಪು ಗುರುತಿನ ಸಾಲುಗಳಿದ್ದರೆ ಓದಿ ನೋಡಿ.

ಮೈಎಸ್‌ಕ್ಯೂಎಲ್ ವಿಷಯ. ಉಬುಂಟುವಿನಲ್ಲಿ ಸರ್ವರ್ ವಿಳಾಸ ಲೋಕಲ್‌ಹೋಸ್ಟ್ ಅಂತ ಬರೆದರೆ ಅದು ಉಬುಂಟುವಿನೊಳಗೇ ಹುಡುಕುತ್ತದೆ. 192.168.56.1 ಅಂತ ಬರೆಯಿರಿ, ಪೋರ್ಟ್ 3306. ವಿಂಡೋಸ್ ಫೈರ್‌ವಾಲ್‌ನಲ್ಲಿ 3306ಕ್ಕೆ ಇನ್‌ಬೌಂಡ್ ರೂಲ್ ಬೇಕು, ಸ್ಕೋಪ್ ಮೇಲಿನಂತೆಯೇ. ಮೈಎಸ್‌ಕ್ಯೂಎಲ್‌ನ ಬೈಂಡ್ ಅಡ್ರೆಸ್ (ಅದು ಕೇಳಿಸಿಕೊಳ್ಳುವ ವಿಳಾಸ) 127.0.0.1 ಆಗಿದ್ದರೆ ಅದನ್ನೂ ಬದಲಿಸಬೇಕು, ಜಾಂಗೋದ್ದೇ ಕಥೆ. ಇಷ್ಟಾದ ಮೇಲೆ ಎರರ್ 1130, ಈ ಹೋಸ್ಟ್‌ಗೆ ಅನುಮತಿ ಇಲ್ಲ ಅಂತ ಬಂದರೆ ಗಾಬರಿ ಬೇಡ. ಅದನ್ನು ಬರೆದದ್ದು ಮೈಎಸ್‌ಕ್ಯೂಎಲ್ಲೇ, ಅಂದರೆ ನಿಮ್ಮ ಪ್ಯಾಕೆಟ್ ಅಲ್ಲಿಯವರೆಗೆ ಹೋಗಿ ಬಂದಿದೆ. ರೂಟ್ ಯೂಸರ್‌ಗೆ ಲೋಕಲ್‌ಹೋಸ್ಟ್‌ನಿಂದ ಮಾತ್ರ ಪ್ರವೇಶ ಇರುತ್ತದೆ. 192.168.56.10ರಿಂದ ಬರಲು ಪ್ರಾಜೆಕ್ಟ್‌ಗೆಂದೇ ಒಬ್ಬ ಹೊಸ ಯೂಸರ್ ಮಾಡಿ, ಆ ಒಂದು ಡೇಟಾಬೇಸ್‌ಗೆ ಮಾತ್ರ ಹಕ್ಕು ಕೊಡಿ. ನ್ಯಾಟ್‌ನ 10.0.2.2 ಮೂಲಕವೂ ವಿಂಡೋಸ್ ತಲುಪಬಹುದು ಅಂತ ಹಳೆಯ ಲೇಖನಗಳಲ್ಲಿ ಓದಿರುತ್ತೀರಿ. ಹೊಸ ಆವೃತ್ತಿಗಳಲ್ಲಿ ಅದಕ್ಕೆ ಬೇರೆ ಆಯ್ಕೆ ಆನ್ ಮಾಡಬೇಕು, ನಿಮಗೆ ಆ ರಗಳೆ ಬೇಡ.

ಗೆಳೆಯ ಹೇಳಿದ ಬ್ರಿಡ್ಜ್ ಬಗ್ಗೆ. ಬ್ರಿಡ್ಜ್ ಅಂದರೆ ಉಬುಂಟುವನ್ನು ನೇರ ಬೀದಿಗೆ ಕರೆತಂದು, ಇದೂ ಒಂದು ಬೇರೆ ಕಂಪ್ಯೂಟರ್ ಅಂತ ರೂಟರ್ ಮುಂದೆ ನಿಲ್ಲಿಸುವುದು. ಮನೆಯ ರೂಟರ್ ಪಾಪದ್ದು, ಕೇಳಿದವರಿಗೆಲ್ಲ ಐಪಿ ಕೊಡುತ್ತದೆ. ಕಾಲೇಜಿನದ್ದು ಹಾಗಲ್ಲ. ಅಲ್ಲಿ ನೀವು ಯೂಸರ್‌ನೇಮ್ ಹಾಕಿ ಒಳಗೆ ಬಂದದ್ದು ವಿಂಡೋಸ್ ಹೆಸರಲ್ಲಿ, ಉಬುಂಟು ಲಾಗಿನ್ ಆಗಿಲ್ಲ. ಜೊತೆಗೆ ವೈಫೈನಲ್ಲಿ ಆಕ್ಸೆಸ್ ಪಾಯಿಂಟ್‌ಗೆ ನಿಮ್ಮ ವೈಫೈ ಕಾರ್ಡ್‌ನ ಒಂದು ಮ್ಯಾಕ್ ವಿಳಾಸ (ಕಾರ್ಡ್‌ನ ಗುರುತಿನ ಸಂಖ್ಯೆ) ಮಾತ್ರ ಗೊತ್ತು. ಅದೇ ಕಾರ್ಡ್‌ನಿಂದ ಇನ್ನೊಂದು ಮ್ಯಾಕ್ ಇಣುಕಿದರೆ ಒಪ್ಪುವುದಿಲ್ಲ. ವರ್ಚುವಲ್‌ಬಾಕ್ಸ್ ಮ್ಯಾಕ್ ಬದಲಿಸಿ ಕಳಿಸುವ ಕಸರತ್ತು ಮಾಡುತ್ತದೆ, ಎಲ್ಲ ಕಡೆ ನಡೆಯುವುದಿಲ್ಲ. ನಿಮ್ಮ ಫೋನ್‌ನಲ್ಲಿ ಪ್ರಾಜೆಕ್ಟ್ ತೆರೆದು ನೋಡಬೇಕು ಅಂದಾಗ, ಅದೂ ಮನೆಯಲ್ಲಿ, ಬ್ರಿಡ್ಜ್ ಹಾಕಿ. ಕಾಲೇಜಿನ ನೆಟ್‌ವರ್ಕ್‌ನಲ್ಲಿ ಅನುಮತಿ ಇಲ್ಲದೆ ಹಾಕಿ ಲ್ಯಾಬ್‌ನವರ ಕೈಲಿ ಬೈಸಿಕೊಳ್ಳಬೇಡಿ.

ಮುಂದೆ ಏನಾದರೂ ನಿಂತುಹೋದಾಗ ಎರರ್ ಯಾವುದು ಅಂತ ಸರಿಯಾಗಿ ಓದಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ. ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಮನೆ ಸಿಕ್ಕಿತು, ಆ ಬಾಗಿಲ ಹಿಂದೆ ಯಾರೂ ಇಲ್ಲ. ಸರ್ವರ್ ಓಡುತ್ತಿಲ್ಲ, ಇಲ್ಲವೇ 127.0.0.1ಗೆ ಅಂಟಿಕೊಂಡಿದೆ. ತುಂಬಾ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಅಂದರೆ ದಾರಿ ಇಲ್ಲ, ಇಲ್ಲವೇ ಫೈರ್‌ವಾಲ್ ಸದ್ದಿಲ್ಲದೆ ಬಿಸಾಡುತ್ತಿದೆ. ವಿಂಡೋಸ್ ಫೈರ್‌ವಾಲ್ ಮುಚ್ಚಿದ ಪೋರ್ಟ್‌ಗೂ ‘ಇಲ್ಲ’ ಅಂತ ಹೇಳದೆ ಮೌನವಾಗಿರುತ್ತದೆ, ಹಾಗಾಗಿ ಉಬುಂಟುವಿನಿಂದ ವಿಂಡೋಸ್ ಕಡೆ ಟೈಮ್‌ಔಟ್ ಬಂದರೆ ಸರ್ವರ್ ಓಡುತ್ತಿಲ್ಲದಿರಬಹುದು, ಫೈರ್‌ವಾಲ್ ತಡೆದೂ ಇರಬಹುದು. ಮೋಸ ಮಾಡುವುದು ಮೂರನೆಯದು. ‘ರಿಪ್ಲೈ ಫ್ರಮ್ 192.168.56.1: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’. ರಿಪ್ಲೈ ಅಂತ ನೋಡಿ ಉತ್ತರ ಬಂತು ಅಂದುಕೊಳ್ಳಬೇಡಿ, 192.168.56.1 ನಿಮ್ಮದೇ ವಿಂಡೋಸ್. ತಾನೇ ತನಗೆ ‘ಸಿಗಲಿಲ್ಲ’ ಅಂತ ಹೇಳಿಕೊಳ್ಳುತ್ತಿದೆ. ಇನ್ನೂ ಮಜಾ ಅಂದರೆ ಕೊನೆಯಲ್ಲಿ ಲೆಕ್ಕ ತೋರಿಸುವಾಗ ವಿಂಡೋಸ್ ಇವನ್ನೂ ‘ಬಂದವು’ ಅಂತ ಎಣಿಸಿ ಲಾಸ್ 0% ಅನ್ನುತ್ತದೆ. ಇದು ಬಂದರೆ ವಿಎಂ ಆಫ್ ಆಗಿದೆ ಅಥವಾ ಅದರ ಐಪಿ ಬದಲಾಗಿದೆ.

ಉಬುಂಟುವಿನಲ್ಲಿ ‘ಐಪಿ ಎ’ ಅಥವಾ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟಾಗ 169.254ರಿಂದ ಶುರುವಾಗುವ ಐಪಿ ಕಂಡರೆ ಮುಂದಿನದ್ದೇನೂ ನೋಡಬೇಡಿ. ಡಿಎಚ್‌ಸಿಪಿಯಿಂದ ಐಪಿ ಸಿಗದೆ ಯಂತ್ರ ತನಗೆ ತಾನೇ ಒಂದು ಹೆಸರಿಟ್ಟುಕೊಂಡಿದೆ. ಡಿಎಚ್‌ಸಿಪಿ ಟ್ಯಾಬ್‌ಗೆ ಹೋಗಿ. ನಿನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿದ್ದರೆ ವಿಪಿಎನ್ ಆನ್ ಇದೆಯಾ ನೋಡಿ. ಕೆಲವು ವಿಪಿಎನ್‌ಗಳು ಆನ್ ಆದ ಕೂಡಲೇ ಎಲ್ಲ ದಾರಿಯನ್ನೂ ತಮ್ಮ ಕಡೆ ತಿರುಗಿಸಿಕೊಳ್ಳುತ್ತವೆ, ನಿಮ್ಮ ಕಿಂಡಿಯನ್ನೂ ಬಿಡುವುದಿಲ್ಲ.

ವಿಎಂ ಅನ್ನು ಕ್ಲೋನ್, ಅಂದರೆ ನಕಲು ಮಾಡುವ ಅಭ್ಯಾಸ ಇದ್ದರೆ ಒಂದು ಮಾತು. ಒಮ್ಮೆ ತರಬೇತಿಗೆ ಅಂತ ಉಬುಂಟು ಸರ್ವರ್ ಒಂದನ್ನು ಮಾಡಿ, ಅದರಿಂದ ಇನ್ನೊಂದನ್ನು ಕ್ಲೋನ್ ಮಾಡಿದೆ. ಮ್ಯಾಕ್ ವಿಳಾಸ ಬೇರೆ ಮಾಡಿದ್ದೆ, 08:00:27ರಿಂದ ಶುರುವಾಗುವ ವರ್ಚುವಲ್‌ಬಾಕ್ಸ್ ಮ್ಯಾಕ್‌ಗಳು ಎರಡೂ ಬೇರೆ ಬೇರೆ ಅಂತ ಕಣ್ಣಾರೆ ನೋಡಿದ್ದೆ. ಆದರೂ ಎರಡಕ್ಕೂ ಒಂದೇ ಐಪಿ. ಒಂದಕ್ಕೆ ಲಾಗಿನ್ ಆಗಿದ್ದೇನೆ ಅಂದುಕೊಂಡು ಇನ್ನೊಂದರಲ್ಲಿ ಫೈಲ್ ಅಳಿಸಿದೆ. ಉಬುಂಟು ಸರ್ವರ್ ಡಿಎಚ್‌ಸಿಪಿ ಕೇಳುವಾಗ ಮ್ಯಾಕ್ ಬದಲು ಮಷೀನ್ ಐಡಿಯಿಂದ ಮಾಡಿದ ಗುರುತು ತೋರಿಸುತ್ತದೆ, ಕ್ಲೋನ್‌ನಲ್ಲಿ ಅದೂ ನಕಲಾಗಿರುತ್ತದೆ. ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ ಐಡೆಂಟಿಫೈಯರ್ ಮ್ಯಾಕ್ ಅಂತ ಬರೆದರೆ ಸರಿಹೋಗುತ್ತದೆ.

ಡೆಮೊ ದಿನಕ್ಕೆ ಹೋಸ್ಟ್-ಓನ್ಲಿಯನ್ನೇ ನಂಬಿ. ಕಾಲೇಜಿನ ವೈಫೈ ಹೋದರೂ, ಲ್ಯಾಪ್‌ಟಾಪ್ ಏರೋಪ್ಲೇನ್ ಮೋಡ್‌ನಲ್ಲಿದ್ದರೂ 192.168.56.10:8000 ತೆರೆಯುತ್ತದೆ, ಹಿಂದಿನ ರಾತ್ರಿ ಹಾಗೇ ಒಮ್ಮೆ ಮಾಡಿ ನೋಡಿ. ತೆರೆಯದಿದ್ದರೆ ಮತ್ತೆ ಬರೆಯಿರಿ, ಆದರೆ ‘ಕನೆಕ್ಟ್ ಆಗ್ತಿಲ್ಲ’ ಅಂತ ಒಂದು ಸಾಲು ಬೇಡ. ಉಬುಂಟುವಿನ ‘ಐಪಿ ಎ’, ಅದೇ ‘ಎಸ್‌ಎಸ್’ ಕಮಾಂಡ್, ವಿಂಡೋಸ್‌ನ ಐಪಿಕಾನ್ಫಿಗ್, ಈ ಮೂರರ ಸ್ಕ್ರೀನ್‌ಶಾಟ್ ಮತ್ತು ಬ್ರೌಸರ್‌ನಲ್ಲಿ ಬಂದ ಎರರ್‌ನ ಪೂರ್ತಿ ಸಾಲು ಕಳಿಸಿ. ಪಾಸ್‌ವರ್ಡ್ ಕಾಣದ ಹಾಗೆ ನೋಡಿಕೊಳ್ಳಿ.